ಕಾಲರಕ್ಕನ ಕಾರ್ಡು

ಎದೆನೋವು, ಮನೆಗೆ ಹೋಗುತ್ತೇನೆ ಎಂದವಳನ್ನು ಗಾರ್ಮೆಂಟ್ ಫ್ಯಾಕ್ಟರಿಯ ಸೂಪರ್‌ವೈಸರ್ ಬಿಡಲಿಲ್ಲ. ಸಂಜೆ ಐದಕ್ಕೆ ಅವಳು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಸತ್ತಳು. ಮೂರು ಗಂಟೆಗೇ ಮನೆಗೆ ಹೋದಳೆಂದು ಅವನು ರಿಜಿಸ್ಟರಿನಲ್ಲಿ ಬರೆದ.

ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದ ಅವಳು ಸಾಲಿನವರಿಗೆಲ್ಲ ಕಾಲರಕ್ಕ. ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದವಳು ಅವಳ ನಾದಿನಿ. ಅಂದು ಐದಕ್ಕೆ ಆ ತಲೆಯನ್ನು ಎತ್ತಿ ಹಿಡಿದವಳೂ ಅವಳೇ. ವಾರ ಕಳೆದು ನಾದಿನಿ ಕೆಲಸಕ್ಕೆ ಮರಳಿದ ಬೆಳಿಗ್ಗೆ, ಗಂಟೆ ಹೊಡೆದದ್ದೇ ತಡ, ಅತ್ತಿಗೆಯ ಮಿಷನ್ ತಾನಾಗಿ ಓಡತೊಡಗಿತು. ಪೆಡಲ್ ಕೆಳಗಿಳಿಯಿತು. ಕುರ್ಚಿಯ ದಿಂಬು, ಯಾರೋ ಕೂತಂತೆ, ಅದುಮಿಕೊಂಡಿತು.

"ನೋಡ್ರೇ, ನಮ್ಮಕ್ಕನಿಗೆ ಅಲ್ಲೂ ಸುಮ್ನೆ ಕೂರಕ್ಕಾಗ್ಲಿಲ್ಲ!" ಎಂದಳು ಇಸ್ತ್ರಿಯವಳು.

"ಅಕ್ಕಾ, ಅಲ್ಲಿ ಸೆಕೆ ಇದಕ್ಕಿಂತ ಜಾಸ್ತಿನಾ?" ಎಂದಳು ತೋಳು ಹೊಲಿಯುವವಳು.

ಮಿಷನ್ ಟಕಟಕನೆ ಎರಡು ಹೊಲಿಗೆ ಹಾಕಿತು. ನಡುಗುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾದಿನಿಗೂ ಕಣ್ಣೀರು ಬರುವಷ್ಟು ನಗು.

ಸೂಪರ್‌ವೈಸರ್ ಮಧ್ಯಾಹ್ನ ಬೆವರೊರೆಸಿಕೊಂಡು ಅವಳು ಹೊಲಿದ ಪೀಸುಗಳನ್ನು ಎಣಿಸಿದ. ಎಂದಿಗಿಂತ ದುಪ್ಪಟ್ಟು! ಅವನ ಮುಖ ಮೊರದಗಲವಾಯಿತು. "ಟೀ ಬೇಡ, ರಜಾ ಬೇಡ, ಎದೆನೋವೂ ಇಲ್ಲ. ಇವಳನ್ನ ನೋಡಿ ಕಲೀರಿ!" ಎಂದು ಬಂಡಲ್ ಮೇಲೆ ಬಂಡಲ್ ತಂದು ಸುರಿದ.

ಆದರೆ ಅಲ್ಲೊಂದು ಪದ್ಧತಿಯಿತ್ತು. ಬಂಡಲ್ ಮುಗಿಸಿದವಳು ಅದರ ಚೀಟಿಯನ್ನು ತನ್ನ ಕಾರ್ಡಿಗೆ ಅಂಟಿಸಿ, ದಿನಾಂಕ, ಹೊತ್ತು ಬರೆಯಬೇಕು. ಕಾಲರಕ್ಕ ಶಿಸ್ತಿನ ಹೆಂಗಸು. ಸಂಜೆಯ ಹೊತ್ತಿಗೆ ಕಾರ್ಡು ತುಂಬಿರುತ್ತಿತ್ತು. ಪ್ರತಿ ಚೀಟಿಯ ಮುಂದೆಯೂ ಅವಳದೇ ಡೊಂಕು ಅಕ್ಷರದಲ್ಲಿ ಒಂದೇ ದಿನಾಂಕ, ಒಂದೇ ಹೊತ್ತು: ಅವಳು ಸತ್ತ ದಿನ, ಸಂಜೆ ಐದು.

ಕಾರ್ಡುಗಳು ಹೆಡ್ ಆಫೀಸಿಗೆ ಹೋದವು. ಮೂರಕ್ಕೆ ಮನೆಗೆ ಹೋದವಳು ಐದಕ್ಕೆ ಹೊಲಿದದ್ದು ಹೇಗೆಂದು ಅಲ್ಲಿಂದ ಫೋನ್ ಬಂತು. ಸೂಪರ್‌ವೈಸರ್ ಕಾಗದ ಹಿಡಿದು ನಾದಿನಿಯ ಬಳಿಗೆ ಓಡೋಡಿ ಬಂದ.

"ಮೂರಕ್ಕೆ ನೀನೇ ಮನೆಗೆ ಕರ್ಕೊಂಡು ಹೋದೆ ಅಂತ ಬರೆದಿದೀನಿ ಕಣಮ್ಮ. ಒಂದು ಸಹಿ ಹಾಕು. ಹಾಕಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಪಕ್ಕದ ಮಿಷನ್ ನಿಂತಿತು. ಖಾಲಿ ಕುರ್ಚಿ ಕಿರ್ರೆಂದು ಇವರತ್ತ ತಿರುಗಿತು.

ನಾದಿನಿ ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು.

"ಹಾಕಲ್ಲ ಸಾರ್. ನಾಳೆನೂ ಬರ್ತೀನಿ. ಸುಳ್ಳಿಗೆ ಸಹಿ ಹಾಕಿ ಇವಳ ಪಕ್ಕ ಕೂರಬೇಕಾದವಳು ನಾನು, ನೀವಲ್ಲ."