ಒಂಬತ್ತು ಕಪ್ ಬದಿಗಿಟ್ಟರೆ

ಹಾಕಿ ಹಾಲ್ ಆಫ್ ಫೇಮ್‌ನ ಆಯ್ಕೆ ಸಮಿತಿಯಲ್ಲಿ ನಾವು ಐದು ಜನ. ನಾಲ್ವರು ಆಡಿದವರು. ಐದನೆಯವಳು ನಾನು, ಮೂವತ್ತು ವರ್ಷ ಗೋಲ್‌ಕೀಪರ್‌ಗಳ ಪ್ಯಾಡ್ ಹೊಲಿದವಳು. ಆಡದಿದ್ದರೇನಂತೆ? ಯಾರ ಕಾಲಿಗೆ ಎಷ್ಟು ಏಟು ಬಿದ್ದಿದೆ ಎಂಬುದು ನನ್ನಷ್ಟು ಅವರಿಗೆ ಯಾರಿಗೂ ಗೊತ್ತಿಲ್ಲ.

ಈ ಸಲ ಒಂದೇ ಜಾಗ, ಇಬ್ಬರು ಗೋಲ್‌ಕೀಪರ್‌ಗಳು. ಒಬ್ಬ ನನ್ನ ಸ್ವಂತ ತಮ್ಮ, ಒಂಬತ್ತು ಚಾಂಪಿಯನ್‌ಶಿಪ್ ಗೆದ್ದ ತಂಡದವನು. ಇನ್ನೊಬ್ಬನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೋಡೆ ಎಂದೇ. ಪಾಪ, ಅವನ ತಂಡ ಒಮ್ಮೆಯೂ ಫೈನಲ್ ಮುಟ್ಟಲಿಲ್ಲ. ಮತ ಎರಡು–ಎರಡಾಗಿ ನಿಂತಿತು. ತಮ್ಮನ ವಿಷಯ, ನಾನು ಎದ್ದು ಹೋಗುತ್ತೇನೆ ಎಂದರೆ ಅಧ್ಯಕ್ಷರು ಬಿಡಲಿಲ್ಲ.

"ಕೂತ್ಕೊಳ್ಳಿ ಅಮ್ಮಾ, ಇಬ್ಬರೂ ನಿಮ್ಮ ಗಿರಾಕಿಗಳೇ. ಆದ್ರೂ ಒಂಬತ್ತು ಕಪ್ ಅಂದ್ರೆ ಹುಡುಗಾಟಾನಾ?"

"ಅಲ್ಲ ಸಾರ್. ಆದ್ರೆ ಕಪ್ ತಂದಿದ್ದು ಹನ್ನೊಂದು ಜನ, ಇಲ್ಲಿಗೆ ಕರೀತಿರೋದು ಒಬ್ಬನ್ನ. ತಮ್ಮನ ಪ್ಯಾಡ್ ವರ್ಷಕ್ಕೊಮ್ಮೆ ಬರ್ತಿತ್ತು, ಅದೂ ಪಟ್ಟಿ ಸಡಿಲ ಅಂತ. ಗೋಡೆದು ತಿಂಗಳು ತಿಂಗಳು ಹರಿದು ಬರ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಗೋಡೆಯ ಪರ ಕೈ ಎತ್ತಿದೆ.

ಸುದ್ದಿ ನನಗಿಂತ ಮೊದಲೇ ನನ್ನ ಹೊಲಿಗೆ ಅಂಗಡಿ ತಲುಪಿತ್ತು. ತಮ್ಮ ಬಾಗಿಲಲ್ಲೇ ಕೆಂಡವಾಗಿ ನಿಂತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ!

"ಒಡಹುಟ್ಟಿದವಳಾ ನೀನು? ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ನಾನೇ ಎತ್ತಿ ಆಡಿಸಿದ ತಮ್ಮ. ಆದರೂ ತಪ್ಪು ಮಾಡಿದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

"ಮುಂದಿನ ವರ್ಷ ನಿನ್ನ ಹೆಸರು ಮತ್ತೆ ಬರುತ್ತೆ ಕಣೋ. ಆಗ ನಾನೇ ನಿನ್ನ ಪರ ಮಾತಾಡ್ತೀನಿ. ಏನು ಹೇಳ್ಲಿ? ಕಪ್ ಬದಿಗಿಟ್ಟು ಹೇಳು."

ಅವನು ಸ್ಟೂಲ್ ಎಳೆದು ಕೂತ. ಒಂದು ಫೈನಲ್ ಹೆಸರೆತ್ತಿದ, ಮರುಕ್ಷಣವೇ ತಲೆ ಅಲ್ಲಾಡಿಸಿದ. "ಅವತ್ತು ಚೆಂಡೇ ನನ್ನ ಕಡೆ ಬರ್ಲಿಲ್ಲ ಬಿಡು" ಎಂದು ತಾನೇ ನಕ್ಕುಬಿಟ್ಟ. ಆಮೇಲೆ ಬೆರಳು ಮಡಚಿ ಒಂದೊಂದೇ ಮ್ಯಾಚ್ ಎಣಿಸಿದ.

"ಒಂದು ಮ್ಯಾಚ್ ಇದೆ ಅಕ್ಕಾ. ಹದಿನಾಲ್ಕು ಪೆನಾಲ್ಟಿ ಕಾರ್ನರ್, ಹದಿಮೂರು ತಡೆದೆ. ಅವತ್ತು ಆಡಿದ ಹಾಗೆ ಜನ್ಮದಲ್ಲಿ ಆಡಿಲ್ಲ."

"ಅಯ್ಯೋ, ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಒಂದು ಗೋಲಿಂದ ಸೋತ್ವಲ್ಲಕ್ಕಾ. ಸೋತ ಮ್ಯಾಚ್ ಯಾರು ಕೇಳ್ತಾರೆ ಅಂತ..."

ತಾನೇ ಆಡಿದ ಮಾತು ತನಗೇ ನಾಟಿತ್ತು. ತಲೆ ತಗ್ಗಿಸಿ ಕೇಳಿದ:

"ಗೋಡೆಗೆ ಅಂಥ ದಿನ ಎಷ್ಟಿತ್ತು?"

"ವಾರಕ್ಕೊಂದು."

"ಅವನಿಗೆ ಸುದ್ದಿ ಮುಟ್ಟಿದ್ಯಾ?"

"ಇನ್ನೂ ಇಲ್ಲ. ಸಂಜೆ ಅಧ್ಯಕ್ಷರು ಹೇಳ್ತಾರೆ."

"ಅವರ್ಯಾಕೆ? ಗೋಲ್‌ಕೀಪರ್‌ಗೆ ಗೋಲ್‌ಕೀಪರೇ ಹೇಳ್ಬೇಕು" ಎಂದು ತಮ್ಮ ಫೋನ್ ತೆಗೆದ. "ನಂಬರ್ ಕೊಡು."