ಕುಡಿ ಚಿವುಟಿದ ಕೈ

ನನ್ನ ಸ್ಟ್ರಾಬೆರಿ ಹೂ ಹಾಳು ಮಾಡುತ್ತಿರುವವರು ಯಾರು ಎಂದು ಊರನ್ನೆಲ್ಲ ಅನುಮಾನಿಸಿದೆ. ಇನ್ನೇನು ಮಾಡಲಿ? ಭಾರತೀನಗರದ ಸುತ್ತ ಕಬ್ಬು ಬಿಟ್ಟರೆ ಬೇರೆಯದನ್ನು ಬೆಳೆ ಎಂದೇ ಒಪ್ಪದ ಜನ. ಅಂಥದ್ದರಲ್ಲಿ ಬಾಯಿ ಒಣಗುವಷ್ಟು ಕೇಳಿ, ಮಾವ ಬೋರಯ್ಯನವರಿಂದ ಬೋರ್‌ವೆಲ್ ಪಕ್ಕದ ತುಂಡು ಜಮೀನು ಗಿಟ್ಟಿಸಿಕೊಂಡಿದ್ದೆ.

"ಸಂಕ್ರಾಂತಿ ಗಂಟ ನೋಡ್ತೀನಿ ರೂಪ. ಅಣ್ಣು ಕಂಡ್ರೆ ಸರಿ. ಇಲ್ದಿದ್ರೆ ಕಿತ್ತಾಕಿ ಕಬ್ಬು ಆಕ್ತೀನಿ," ಎಂದಿದ್ದರು.

ಅವರಿಗೆ ಅದು ತುಂಡು ಜಮೀನು. ಎರಡು ಸಲ ಬಸುರು ನಿಲ್ಲದೆ, ಅನ್ನ ಸೇರದೆ ಕೂತಿದ್ದ ನನ್ನನ್ನು ಎಬ್ಬಿಸಿ ಓಡಾಡಿಸಿದ್ದೇ ಆ ಗಿಡಗಳು. ಅವು ಹೋದರೆ ಮತ್ತೆ ಮೂಲೆ ಹಿಡಿಯುತ್ತೇನೆ ಎಂದು ನನಗೆ ಗೊತ್ತಿತ್ತು.

ಮಳವಳ್ಳಿ ಕಡೆಯ ನರ್ಸರಿಯವನು ಕೊಟ್ಟದ್ದು ಹೊಸ ತಳಿ. ಹಳೇ ತಳಿಯ ಹಣ್ಣು ಮಂಡ್ಯ ಸೇರುವಷ್ಟರಲ್ಲಿ ಬಾಕ್ಸಿನಲ್ಲೇ ಗೊಜ್ಜಾಗುತ್ತಂತೆ. ಇದು ಗಟ್ಟಿ, ಬೆಂಗಳೂರು ಮುಟ್ಟಿದರೂ ಹೊಳಪು ಹೋಗುವುದಿಲ್ಲ. ಹೂವಿನ ಕಡ್ಡಿ ಎಲೆ ಮರೆಯಲ್ಲಿ ಮುದುರದೆ ಉದ್ದಕ್ಕೆ ಆಚೆ ಚಾಚುವುದರಿಂದ ಹಣ್ಣು ಕೀಳಲು ಸಲೀಸು. ಕಾಟ ಒಂದೇ, ಕುಡಿ ಜಾಸ್ತಿ. ಗಿಡದ ಬುಡದಿಂದ ಬಳ್ಳಿಯಂತೆ ಹೊರಟು ತುದಿಯಲ್ಲಿ ಮರಿಗಿಡ ಕಟ್ಟುವುದೇ ಕುಡಿ.

"ಅಕ್ಕ, ಕುಡಿ ಕಂಡಂಗೆಲ್ಲ ಚಿವುಟಿ. ಕುಡಿ ಉಳಿಸ್ಕಂಡ್ರೆ ಅಣ್ಣು ಆಗಕ್ಕಿಲ್ಲ," ಎಂದು ಅವನು ಫೋನಿನಲ್ಲಿ ಕೂಗಿದ್ದು, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಯಶೋದಮ್ಮನವರಿಗೂ ಕೇಳಿಸಿತು. ಅವರು ಸುಲಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ನನಗೂ ಆ ಮರಿಗಿಡಗಳನ್ನು ಚಿವುಟಲು ಕೈ ಬರಲಿಲ್ಲ. ನಾಳೆ ನೋಡೋಣ ಎಂದು ಮುಂದೂಡುತ್ತಾ ಬಂದೆ.

ಆಮೇಲೆ ಶುರುವಾಯಿತು ನೋಡಿ. ಸಂಜೆ ಕಂಡ ಮೊಗ್ಗು ಬೆಳಗ್ಗೆ ಇಲ್ಲ. ಕುಡಿಯೂ ಇಲ್ಲ, ಹೂವೂ ಇಲ್ಲ. ನನ್ನ ಮೈಯೆಲ್ಲ ಉರಿಯಿತು. ಪಕ್ಕದ ಜಮೀನಿನ ಪುಟ್ಟಸ್ವಾಮಿ ಎದುರು ಸಿಕ್ಕಾಗ, ನಾನು ಬಾಯಿ ಬಿಡುವ ಮೊದಲೇ "ನಿನ್ ಗಿಡದ ತಂಟೆಗೆ ನಾ ಬಂದಿಲ್ಲ ಕಣಮ್ಮ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಆದರೆ ಅವನು ಮಗಳ ಮನೆಗೆಂದು ಮದ್ದೂರಿಗೆ ಹೋದ ಮೇಲೂ ಹೂ ಮಾಯವಾಗುತ್ತಲೇ ಇತ್ತು. ಹಾಗಾದರೆ ಮನೆಯವರೇ. ಮಾವ ಆಗಲೇ ಬಿತ್ತನೆ ಕಬ್ಬು ವಿಚಾರಿಸುತ್ತಿದ್ದರು. ಅತ್ತೆ ಅವರ ಮಾತು ಮೀರುವವರಲ್ಲ. ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂದು ಖಾತ್ರಿಯಾಯಿತು.

ಒಂದು ಮುಂಜಾನೆ ಅತ್ತೆಯ ಹಾಸಿಗೆ ಖಾಲಿಯಿತ್ತು. ಓಡಿದೆ. ಸಾಲಿನ ನಡುವೆ ಅವರು ಕುಡುಗೋಲು ಹಿಡಿದು ಬಗ್ಗಿದ್ದರು. ಮಡಿಲ ತುಂಬ ಕುಡಿ, ಅದರ ಜೊತೆಗೆ ನನ್ನ ಮೊಗ್ಗು, ನನ್ನ ಹೂವು.

"ಏನತ್ತೆ ಮಾಡ್ತಿದ್ದೀರಿ? ನಾನು ಉದ್ಧಾರ ಆಗೋದು ನಿಮ್ಗೆ ಬ್ಯಾಡ್ವಾ?" ಕಿರುಚಿದೆ.

ಅವರು ಬೆಚ್ಚಿ ನಿಂತರು.

"ಕುಡಿ ಚಿವುಟ್ತಿದ್ದೀನಿ ಕಣವ್ವ. ನಿನ್ ಕೈಲಿ ಬ್ಯಾಡ ಅಂತ. ಎಲ್ಡು ಕುಡಿ ಕಳ್ಕಂಡೋಳು ನೀನು. ಪಾಪ ತಟ್ಟಿದ್ರೆ ನಂಗ್ ತಟ್ಲಿ, ನಂದೇನು, ಎತ್ತಿದ್ದಾಯ್ತು, ಸಾಕಿದ್ದಾಯ್ತು."

ಅವರ ಮಡಿಲನ್ನು ಮತ್ತೊಮ್ಮೆ ನೋಡಿದೆ. ಉದ್ದಕ್ಕೆ ಚಾಚಿದ್ದೆಲ್ಲ ಕುಡಿ ಎಂದುಕೊಂಡಿದ್ದರು ಅತ್ತೆ. ಬೆಳಕು ಹರಿಯುವ ಮೊದಲು, ಮಂಜುಗಣ್ಣಿನಲ್ಲಿ, ನನ್ನ ಹೊಸ ತಳಿಯ ಉದ್ದನೆಯ ಹೂಕಡ್ಡಿ ಅವರಿಗೆ ಬೇರೆಯಾಗಿ ಕಂಡಿರಲಿಲ್ಲ.

"ಯಾಕವ್ವ ಅಂಗ್ ನೋಡ್ತೀಯಾ? ತಪ್ ಕತ್ರುಸ್ಬುಟ್ನಾ?"

ನಾನು ಯಾರಿಗೂ ಮಾತು ಉಳಿಸಿಟ್ಟವಳಲ್ಲ. ಆದರೆ ಹೂವನ್ನೂ ಚಿವುಟಿದಿರಿ ಎಂದರೆ ಆ ಹೆಂಗಸು ಅಲ್ಲೇ ಕುಸಿದುಬಿಡುತ್ತಿದ್ದರು. ಅತ್ತೆಯ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ, ಅಷ್ಟು ಸಿಟ್ಟೂ ಬಂದಿರಲಿಲ್ಲ.

"ಇಲ್ಲತ್ತೆ, ಎಲ್ಲಾ ಕುಡಿನೇ. ಕುಡ್ಲು ಕೊಡಿ ಇಲ್ಲಿ. ಇನ್ಮ್ಯಾಕೆ ನಾನೇ ಚಿವುಟ್ತೀನಿ."

"ನಿನ್ ಕೈಲಾ?"

"ನನ್ ಕೈಲೇ." ಬಗ್ಗಿ, ತುದಿಯಲ್ಲಿ ಮರಿಗಿಡ ಕಟ್ಟಿದ್ದ ಒಂದು ಕುಡಿಯನ್ನು ಕತ್ತರಿಸಿ ಎಸೆದೆ. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಮುಂದಿನದನ್ನೂ ಕತ್ತರಿಸಿದೆ.

ಸಂಕ್ರಾಂತಿ ಬಂತು, ಹಣ್ಣು ಬರಲಿಲ್ಲ. ಮಾವ ಗಿಡಗಳ ನಡುವೆ ಒಂದು ಸುತ್ತು ಹಾಕಿ ಬಂದು ಜಗಲಿ ಮೇಲೆ ಕೂತರು.

"ಊವ ಯಾರ್ ಕಿತ್ತೋರು ಅಂತ ಗೊತ್ತಾಯ್ತಾ?"

"ಇಲಿ ಮಾವ," ಎಂದೆ. ಕಬ್ಬಿನ ಮಾತು ಬರುತ್ತದೆ ಎಂದು ಸೆರಗಿನ ತುದಿ ಬಿಗಿಯಾಗಿ ಹಿಡಿದು ನಿಂತೆ.

ಅವರು ಅಡುಗೆಮನೆಯತ್ತ ನೋಡಿದರು. ಒಳಗೆ ಅತ್ತೆ ಎಳ್ಳುಬೆಲ್ಲ ಬೆರೆಸುತ್ತಿದ್ದರು. ಮಾವ ದನಿ ತಗ್ಗಿಸಿದರು.

"ಸಿವ್ರಾತ್ರಿ ಗಂಟ ಇರ್ಲಿ ಬುಡು. ಯಾವ್ದು ಕುಡಿ, ಯಾವ್ದು ಊವ ಅಂತ ಇಲಿಗೇನ್ ಗೊತ್ತು, ಪಾಪ."