ಬಿಟ್ಟವರು ಇಪ್ಪತ್ತೊಂಬತ್ತು

ಬಡಾವಣೆಗಳಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಯಾವುದು ನಿಜಕ್ಕೂ ಉಪಯೋಗದ್ದು, ಯಾವುದು ಬರೀ ಬ್ಯಾನರಿಗಷ್ಟೇ ಲಾಯಕ್ಕು ಅಂತ ನೋಡಿ, ಮಾರ್ಕ್ಸ್ ಹಾಕಿ ವರದಿ ಕೊಡುವುದು ನಗರಸಭೆ ಕಚೇರಿಯಲ್ಲಿ ಆಕೆಯ ಕೆಲಸ. ಅದಕ್ಕೇ ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಮಾರ್ಕ್ಸ್ ಮೇಡಂ ಅನ್ನುತ್ತಿದ್ದರು. ಎದುರಿಗೆ ಅನ್ನುವ ಗಂಡೆದೆ ಯಾರಿಗಿತ್ತು ಹೇಳಿ!

ಇಂಥ ಮೇಡಮ್ಮು ಕಣ್ಣುಮುಚ್ಚಿ ಹೊಗಳಿ ಬರೆದದ್ದು ಒಂದೇ ಕ್ಲಾಸಿನ ಬಗ್ಗೆ. ಹರೆಯದವರಿಗೆ ಸಿಗರೇಟು ಬಿಡಿಸಲು ನಿವೃತ್ತ ನರ್ಸಮ್ಮ ಒಬ್ಬರು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪ್ರತಿ ಮಂಗಳವಾರ ನಡೆಸುತ್ತಿದ್ದ ಕ್ಲಾಸು. ಸೇರಿದವರು ನಲವತ್ತು, ಬಿಟ್ಟವರು ಇಪ್ಪತ್ತೊಂಬತ್ತು. ಅರ್ಧದಷ್ಟಾದರೂ ಜನ ಬಿಡದಿದ್ದರೆ ಕ್ಲಾಸು ಮುಚ್ಚಬೇಕು ಅನ್ನುವುದು ಕಚೇರಿಯ ನಿಯಮ. ಇಲ್ಲಿ ನೋಡಿದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು! ಮೇಲಧಿಕಾರಿ ಹಿಗ್ಗಿ ಹೀರೇಕಾಯಿಯಾದರು. ಇನ್ನೂ ಆರು ಕಡೆ ಇದೇ ಮಾದರಿ ಶುರುಮಾಡೋಣ ಅಂದರು.

ವರದಿಗೆ ಒಂದೆರಡು ಅನುಭವದ ಮಾತು ಸೇರಿಸೋಣವೆಂದು ಆಕೆ ಬಿಟ್ಟವರ ಪಟ್ಟಿಯಲ್ಲಿದ್ದ ಬೇಕರಿ ಹುಡುಗಿಗೆ ಫೋನ್ ಮಾಡಿದಳು.

"ಹೌದು ಮೇಡಂ, ಎರಡನೇ ವಾರಕ್ಕೇ ಬಿಟ್ಟೆ."

"ಭೇಷ್! ಅಷ್ಟು ಬೇಗನಾ? ಕಷ್ಟ ಆಗಲಿಲ್ವಾ?"

"ಕಷ್ಟ ಏನ್ ಬಂತು? ಮಂಗಳವಾರ ನಂಗೆ ಡ್ಯೂಟಿ. ಬರೋದು ಬಿಟ್ಟೆ, ಅಷ್ಟೆ."

"ಮತ್ತೆ ಸಿಗರೇಟು?"

"ಅದೆಲ್ಲಿ ಬಿಡುತ್ತೆ ಮೇಡಂ! ಈಗ್ಲೂ ಕೈಯಲ್ಲೇ ಇದೆ."

ಆಕೆ ಮತ್ತೆ ಪಟ್ಟಿ ತೆರೆದಳು. ಇನ್ನೂ ನಾಲ್ವರಿಗೆ ಫೋನ್ ಮಾಡಿದಳು. ಎಲ್ಲರದೂ ಅದೇ ರಾಗ. ಎದ್ದೆನೋ ಬಿದ್ದೆನೋ ಅಂತ ನರ್ಸಮ್ಮನ ಹತ್ತಿರ ಓಡಿದಳು.

"ಫಾರಂನಲ್ಲಿ ಬಿಟ್ಟವರು ಎಷ್ಟು ಅಂತ ಕೇಳಿದ್ರಲ್ಲಮ್ಮ, ಕ್ಲಾಸು ಬಿಟ್ಟೋರನ್ನ ಬರೆದೆ," ಅಂದರು ಅವರು. "ಇಷ್ಟು ಜನ ಕೈತಪ್ಪಿ ಹೋದ್ರಲ್ಲ ಅಂತ ನಾಚಿಕೆ ಆಗಿತ್ತು ನಂಗೆ. ನೀವು ನೋಡಿದ್ರೆ ಹೊಗಳಿಬಿಟ್ರಿ. ಪಾಪ, ದೊಡ್ಡ ಮನಸ್ಸು ಅಂದ್ಕೊಂಡೆ."

"ಉಳಿದ ಹನ್ನೊಂದು ಜನ?"

"ಹನ್ನೊಂದೂ ಜನ ಸೇದೋದು ನಿಲ್ಲಿಸಿ ನಾಲ್ಕು ತಿಂಗಳಾಯ್ತು. ಆದ್ರೂ ಒಂದು ವಾರ ಕ್ಲಾಸ್ ಇಲ್ಲ ಅಂದ್ರೆ ಒದ್ದಾಡ್ತಾವೆ."

ಆ ಫಾರಂ ತಯಾರು ಮಾಡಿದವಳು ಆಕೆಯೇ. ಏನನ್ನು ಬಿಟ್ಟವರು ಅಂತ ಒಂದು ಪದ ಸೇರಿಸಿದ್ದರೆ ಗಂಟೇನು ಹೋಗುತ್ತಿತ್ತು? ಈಗ ಬಾಯಿ ಮುಚ್ಚಿಕೊಂಡರೆ ಸುಳ್ಳಿನ ಮೇಲೆ ಆರು ಕ್ಲಾಸು. ಬಾಯಿ ಬಿಟ್ಟರೆ ಇದೊಂದೂ ಇಲ್ಲ. ಎರಡು ದಿನ ಆಕೆ ವರದಿಯನ್ನು ಹೊರಗೆ ತೆಗೆಯುತ್ತ, ಮತ್ತೆ ಡ್ರಾಯರಿಗೆ ಸೇರಿಸುತ್ತ ಕಳೆದಳು. ಮೂರನೆಯ ದಿನ ಇದ್ದದ್ದನ್ನು ಇದ್ದಂತೆ ಬರೆದು ಮೇಲಧಿಕಾರಿಯ ಮುಂದಿಟ್ಟಳು.

"ಹಾಗಾದ್ರೆ ಮುಚ್ಚಿ," ಅಂದರು ಅವರು.

"ಸರ್, ತಪ್ಪು ನಂದು. ಬರ್ತಿರೋರಿಗೆ ಅನುಕೂಲ ಆಗ್ತಿದೆ. ಮಧ್ಯದಲ್ಲಿ ಕೈಬಿಟ್ರೆ..."

"ನಲವತ್ತರಲ್ಲಿ ಹನ್ನೊಂದು ಅರ್ಧ ಆಗುತ್ತೇನ್ರಿ?"

ಅಲ್ಲ, ತಪ್ಪು ಯಾರದು, ಶಿಕ್ಷೆ ಯಾರಿಗೆ? ಆಕೆ ಬೇಡಿಕೊಂಡಳು, ಜಗಳವಾಡಿದಳು. ಗೋಡೆಗೆ ಹೇಳಿದ ಹಾಗಾಯಿತು.

ಮಂಗಳವಾರ ನರ್ಸಮ್ಮ ಆಕೆಯನ್ನು ಬಾಗಿಲಲ್ಲೇ ತಡೆದರು. "ನೀವು ಸರಿಯಾಗೇ ಬರೆದ್ರಿ, ಬೇಜಾರಿಲ್ಲ. ಆದ್ರೆ ಈ ಮಕ್ಕಳಿಗೆ ಹೇಳೋದು ನನ್ನ ಕೈಲಾಗಲ್ಲ."

ಆಕೆಯೇ ಒಳಗೆ ಹೋಗಿ, ಹನ್ನೊಂದು ಜನರ ಮುಂದೆ ನಿಂತು ಕ್ಲಾಸು ಮುಚ್ಚುವ ವಿಷಯ ಹೇಳಿದಳು. ಅವರಲ್ಲಿ ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕಾ, ನಾವು ತಪ್ಪದೇ ಬಂದ್ವಿ. ನರ್ಸಮ್ಮ ಹೇಳಿದ್ದನ್ನೆಲ್ಲಾ ಮಾಡಿದ್ವಿ. ಇನ್ನೂ ಏನ್ ಮಾಡ್ಬೇಕಿತ್ತು ನಾವು?"